ಕ್ಯಾಂಡಿ ಆಪಲ್ ಯಾಕೆ ಅಳುತ್ತದೆ?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಕ್ಯಾಂಡಿ ಆಪಲ್ ಮಾಡಬೇಕು ಅಂತ ಆಸೆ, ಅದೇ, ಕಡ್ಡಿ ಚುಚ್ಚಿದ ಸೇಬನ್ನು ಸಕ್ಕರೆ ಪಾಕದಲ್ಲಿ ಅದ್ದಿ ಮಾಡುವ, ಕೆಂಪಗೆ ಗಾಜಿನ ಹಾಗೆ ಹೊಳೆಯುವ ತಿಂಡಿ. ಎರಡು ಸಲ ಮಾಡಿದೆ, ಎರಡೂ ಸಲ ಕೆಟ್ಟಿತು. ಮೊದಲ ಸಲ ಸಕ್ಕರೆಗೆ ನೀರು ಹಾಕಿ, ತಳ ಹಿಡಿಯದಿರಲಿ ಅಂತ ಕೈಯಾಡಿಸುತ್ತಲೇ ಇದ್ದೆ. ಪಾಕ ಇದ್ದಕ್ಕಿದ್ದ ಹಾಗೆ ಬೆಳ್ಳಗಾಗಿ ಮರಳುಮರಳಾಯಿತು. ಎರಡನೇ ಸಲ ಒಂದು ಇಡೀ ನಿಂಬೆಹಣ್ಣು ಹಿಂಡಿದೆ. ಹೊಳಪೇನೋ ಬಂತು, ಆದರೆ ಕಚ್ಚಿದರೆ ಹಲ್ಲಿಗೆ ಅಂಟಿಕೊಳ್ಳುತ್ತಿತ್ತು. ಗಟ್ಟಿಯಾಗಲಿ ಅಂತ ಫ್ರಿಜ್ಜಿನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ತಟ್ಟೆ ತುಂಬ ಕೆಂಪು ನೀರು! ಲಿಕ್ವಿಡ್ ಗ್ಲೂಕೋಸ್ ಬೇಕೇ ಬೇಕಾ? ಬಣ್ಣ ಯಾವುದು ಹಾಕಲಿ? ಸಕ್ಕರೆ ಬದಲು ಬೆಲ್ಲ ಆಗುತ್ತದಾ? ಹನ್ನೆರಡು ಮಕ್ಕಳು ಬರುತ್ತಾರೆ. ನಾವಿರುವುದು ಬೆಂಗಳೂರಿನಲ್ಲಿ.

ಉತ್ತರ: ಮೊದಲ ಸಲ ನೀವು ಮಾಡಿದ್ದು ಒಳ್ಳೆಯ ಸಕ್ಕರೆ ಅಚ್ಚು. ಅಚ್ಚಿನ ಮಣೆ ಪಕ್ಕದಲ್ಲಿ ಇರಲಿಲ್ಲ, ಅಷ್ಟೇ. ಸಂಕ್ರಾಂತಿಗೆ ಅಚ್ಚು ಹಾಕುವವರನ್ನು ನೋಡಿದ್ದೀರಲ್ಲ? ಪಾಕವನ್ನು ಸೌಟಿನಲ್ಲಿ ತಿರುವಿ ತಿರುವಿ, ಅದು ಮಂಕಾಗಿ ಬೆಳ್ಳಗಾಗುವ ಹೊತ್ತಿಗೆ ಸರಿಯಾಗಿ ಅಚ್ಚಿಗೆ ಸುರಿಯುತ್ತಾರೆ. ಅಲ್ಲಿ ಸಕ್ಕರೆ ಮತ್ತೆ ಹರಳಾಗಲಿ ಅಂತಲೇ ತಿರುವುವುದು. ಕ್ಯಾಂಡಿ ಆಪಲ್‌ಗೆ ಇದರ ಪೂರ್ತಿ ಉಲ್ಟಾ. ಹರಳು ಒಂದೂ ಹುಟ್ಟಬಾರದು.

ಕಲ್ಲುಸಕ್ಕರೆಯನ್ನೂ ಪೆಪ್ಪರ್‌ಮೆಂಟನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿ. ಎರಡೂ ಸಕ್ಕರೆಯೇ, ಎರಡೂ ಗಟ್ಟಿ. ಕಲ್ಲುಸಕ್ಕರೆಯಲ್ಲಿ ಸಕ್ಕರೆಯ ಕಣಗಳು ಇಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿ ಕೂತಿರುತ್ತವೆ. ಪೆಪ್ಪರ್‌ಮೆಂಟಿನಲ್ಲಿ ಸಾಲು ಕಟ್ಟಲು ಪುರುಸೊತ್ತೇ ಸಿಗದೆ ಎಲ್ಲೆಂದರಲ್ಲಿ ನಿಂತುಬಿಟ್ಟಿರುತ್ತವೆ. ಕಿಟಕಿ ಗಾಜೂ ಹೀಗೇ ಆಗುವುದು. ಅದಕ್ಕೇ ಪೆಪ್ಪರ್‌ಮೆಂಟು ಹೊಳೆಯುತ್ತದೆ, ಕಚ್ಚಿದರೆ ಚೂರುಚೂರಾಗುತ್ತದೆ. ನಿಮಗೆ ಸೇಬಿನ ಮೇಲೆ ಬೇಕಾಗಿರುವುದು ಈ ಗಾಜು.

ಕೈಯಾಡಿಸಿದರೆ ಯಾಕೆ ಕೆಡುತ್ತದೆ? ಪಾಕ ಗಟ್ಟಿಯಾಗುತ್ತಾ ಹೋದ ಹಾಗೆ ಸಕ್ಕರೆ ಮತ್ತೆ ಹರಳಾಗಲು ತುದಿಗಾಲಲ್ಲಿ ನಿಂತಿರುತ್ತದೆ. ಶುರು ಮಾಡಲು ಅದಕ್ಕೊಂದು ನೆಪ ಸಾಕು. ಪಾತ್ರೆಯ ಅಂಚಿಗೆ ಸಿಡಿದು ಒಣಗಿದ ಒಂದೇ ಒಂದು ಸಕ್ಕರೆ ಕಣ ಒಳಗೆ ಬಿದ್ದರೂ ಸರಿ, ಚಮಚಕ್ಕೆ ಅಂಟಿದ್ದ ಹರಳು ತಿರುಗಿ ಪಾಕಕ್ಕೆ ಹೋದರೂ ಸರಿ. ಹಾಲಿಗೆ ಹೆಪ್ಪು ಬಿದ್ದ ಹಾಗೆ, ಒಂದು ನಿಮಿಷದಲ್ಲಿ ಪಾತ್ರೆಯಷ್ಟೂ ಬೆಳ್ಳಗಾಗುತ್ತದೆ. ಹಾಗಾಗಿ ಕೈಯಾಡಿಸುವುದೇನಿದ್ದರೂ ಸಕ್ಕರೆ ಕರಗುವ ತನಕ ಮಾತ್ರ. ಕುದಿ ಬಂದ ಮೇಲೆ ಚಮಚ ತೆಗೆದು ತೊಳೆಯಲು ಹಾಕಿಬಿಡಿ, ಇಲ್ಲದಿದ್ದರೆ ಕೈ ಸುಮ್ನೆ ಇರುವುದಿಲ್ಲ. ತಳ ಹಿಡಿಯುವ ಭಯ ಬೇಡ. ಇದರಲ್ಲಿ ಹಾಲೂ ಇಲ್ಲ, ಹಿಟ್ಟೂ ಇಲ್ಲ, ಹಿಡಿಯಲು ಏನಿದೆ? ಅಂಚಿಗೆ ಸಿಡಿದ ಸಕ್ಕರೆಯನ್ನು ಒದ್ದೆ ಬ್ರಷ್‌ನಿಂದ ಕೆಳಗಿಳಿಸಬಹುದು. ಅದಕ್ಕಿಂತ ಸುಲಭದ ದಾರಿ ಒಂದಿದೆ. ಕುದಿ ಬಂದ ತಕ್ಷಣ ಎರಡು ಮೂರು ನಿಮಿಷ ಮುಚ್ಚಳ ಮುಚ್ಚಿಡಿ. ಹಬೆಯೇ ಗೋಡೆ ತೊಳೆದುಕೊಳ್ಳುತ್ತದೆ. ಆಮೇಲೆ ಮುಚ್ಚಳ ತೆಗೆದುಬಿಡಿ.

ಇಷ್ಟಾದರೂ ಬೆಳ್ಳಗಾಯಿತೋ, ಚೆಲ್ಲಬೇಡಿ. ಒಂದು ಲೋಟ ನೀರು ಹಾಕಿ ಮತ್ತೆ ಕರಗಿಸಿ, ಮೊದಲಿಂದ ಕುದಿಸಿ. ಸಕ್ಕರೆಗೆ ಏನೂ ಆಗಿರುವುದಿಲ್ಲ.

ಈಗ ಎರಡನೇ ಸಲದ್ದು. ಅಲ್ಲಿ ಎರಡು ತಪ್ಪು ಒಂದರ ಮೇಲೊಂದು ಕೂತಿವೆ. ನಿಂಬೆಹುಳಿ ಹಾಕಿದ್ದು ಸರಿಯಾದ ಯೋಚನೆಯೇ. ಹುಳಿಯಲ್ಲಿ ಕುದಿದಾಗ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡು ಪಾಲಾಗುತ್ತದೆ. ಈ ಹೊಸಬರು ಮಧ್ಯೆ ನುಗ್ಗಿದರೆ ಸಕ್ಕರೆಗೆ ಸಾಲು ಕಟ್ಟಲು ಆಗುವುದಿಲ್ಲ, ಹರಳಾಗುವುದು ತಪ್ಪುತ್ತದೆ. ಆದರೆ ಫ್ರಕ್ಟೋಸ್‌ಗೆ ಒಂದು ಚಟ ಇದೆ. ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ಇದ್ದರೆ ಕಾವಲುಗಾರ, ಜಾಸ್ತಿಯಾದರೆ ಕಳ್ಳ. ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ ಸಕ್ಕರೆಗೆ ಅರ್ಧ ಟೀ ಚಮಚ ನಿಂಬೆರಸ ಧಾರಾಳ. ನೀವು ಇಡೀ ಹಣ್ಣು ಹಿಂಡಿದ್ದೀರಿ.

ಎರಡನೇ ತಪ್ಪು, ಪಾಕ ಇನ್ನೂ ಬಂದಿರಲಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಪಾಕ ಅಂದರೆ ಒಂದೆಳೆ, ಎರಡೆಳೆ, ಉಂಡೆ ಪಾಕ. ಹೆಚ್ಚೆಂದರೆ ಚಿಕ್ಕಿ ಪಾಕ. ಇದು ಅದನ್ನೂ ದಾಟಿ ಮುಂದೆ ಹೋಗಬೇಕು. ಪಾಕದ ಬಿಸಿ ಎಷ್ಟು ಅನ್ನುವುದು ನಿಜವಾಗಿ ಅದರಲ್ಲಿ ನೀರು ಎಷ್ಟು ಉಳಿದಿದೆ ಅನ್ನುವುದರ ಲೆಕ್ಕ. ಮೈಸೂರುಪಾಕಿನ ಒಂದೆಳೆ ಪಾಕ 105 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅದರಲ್ಲಿ ಇನ್ನೂ ನೂರಕ್ಕೆ 20 ಪಾಲಿನಷ್ಟು ನೀರಿರುತ್ತದೆ. ನೀರಲ್ಲಿ ಬಿಟ್ಟರೆ ಬೆರಳಲ್ಲಿ ಉಂಡೆ ಕಟ್ಟುವ ಪಾಕ 115ರ ಸುತ್ತ. 132ರಿಂದ 143ರವರೆಗೆ ಒಂದು ಮೋಸದ ಹಂತ ಇದೆ. ನೀರಿಗೆ ಹಾಕಿದ ಪಾಕ ಗಟ್ಟಿಯಾಗುತ್ತದೆ, ಎಳೆದರೆ ಮೊದಲು ಬಾಗಿ ಆಮೇಲೆ ತುಂಡಾಗುತ್ತದೆ. ನೋಡಿದವರಿಗೆ ಆಯಿತು ಅನ್ನಿಸುತ್ತದೆ. ಆಗಿರುವುದಿಲ್ಲ. ಇನ್ನೂ ನೂರಕ್ಕೆ 5 ಪಾಲು ನೀರಿದೆ, ಆ ಐದು ಪಾಲೇ ಹಲ್ಲಿಗೆ ಅಂಟುವುದು. ನೀವು ಇಳಿಸಿದ್ದು ಇಲ್ಲಿ.

ನಿಮಗೆ ಬೇಕಾದದ್ದು 149ರಿಂದ 154 ಡಿಗ್ರಿ. ಅಲ್ಲಿ ಉಳಿದಿರುವ ನೀರು ನೂರಕ್ಕೆ ಒಂದು ಪಾಲಿನಷ್ಟು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಬಟ್ಟಲು ತಣ್ಣೀರಿಗೆ ಎರಡು ಹನಿ ಬಿಡಿ. ಹತ್ತು ಎಣಿಸಿ ತೆಗೆದು ಮುರಿಯಿರಿ. ಬಾಗದೆ ಪಟ್ ಅಂತ ಮುರಿಯಬೇಕು. ಆ ಚೂರನ್ನು ಸ್ಟೀಲ್ ತಟ್ಟೆಗೆ ಹಾಕಿದರೆ ಟಣ್ ಅನ್ನಬೇಕು. ಆಮೇಲೆ ಬಾಯಿಗೆ ಹಾಕಿಕೊಂಡು ಕಡಿಯಿರಿ. ಹಲ್ಲಿಗೆ ಹತ್ತಿದರೆ ಇನ್ನೂ ಎರಡು ನಿಮಿಷ. ಚಿಕ್ಕಿ ಮಾಡುವವರಿಗೆ ಈ ಪರೀಕ್ಷೆ ಹೊಸದಲ್ಲ.

ಆದರೂ ಅಡುಗೆಗೆಂದೇ ಬರುವ ಡಿಜಿಟಲ್ ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಕನಿಷ್ಠ 200 ಡಿಗ್ರಿ ತೋರಿಸುವಂಥದ್ದು. ತಂದ ದಿನವೇ ಕುದಿಯುವ ನೀರಿನಲ್ಲಿ ಇಟ್ಟು ನೋಡಿ. ಬೆಂಗಳೂರಿನಲ್ಲಿ ಅದು 100 ತೋರಿಸುವುದಿಲ್ಲ, 97 ತೋರಿಸುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಡಲು ಹೋಗಬೇಡಿ! ನೀವು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದ್ದೀರಿ. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ, ನೀರು ಬೇಗ ಆವಿಯಾಗುತ್ತದೆ. ಸುಮಾರು 300 ಮೀಟರ್‌ಗೆ ಒಂದು ಡಿಗ್ರಿ ಲೆಕ್ಕ. ಹಾಗಾಗಿ ಪುಸ್ತಕದಲ್ಲಿ ಎಷ್ಟು ಬರೆದಿದೆಯೋ ಅದರಲ್ಲಿ ಮೂರು ಡಿಗ್ರಿ ಕಳೆಯಿರಿ. ನಿಮಗೆ 146ರಿಂದ 151 ಸರಿಯಾದ ಜಾಗ. ಮಂಗಳೂರಿನವರು ಏನೂ ಕಳೆಯಬೇಕಿಲ್ಲ, ಮಡಿಕೇರಿಯವರು ನಾಲ್ಕು ಕಳೆಯಬೇಕು. ಬೇರೆ ಅಡುಗೆಯಲ್ಲಿ ಮೂರು ಡಿಗ್ರಿ ಏನೂ ಅಲ್ಲ. ಇಲ್ಲಿ ಕೊನೆಯ ಮೂರು ಡಿಗ್ರಿಯಲ್ಲಿ ಪಾಕ ಹೊಂಬಣ್ಣಕ್ಕೆ ತಿರುಗಿ ಕಹಿಯ ಕಡೆ ಹೊರಟುಬಿಡಬಹುದು.

ಲಿಕ್ವಿಡ್ ಗ್ಲೂಕೋಸ್ ಬೇಕೇ ಬೇಕಾ ಅಂದಿರಿ. ಬೇಕೇ ಬೇಕು ಅಂತಿಲ್ಲ, ಆದರೆ ಮೊದಲ ಸಲ ಗೆಲ್ಲಬೇಕಾದರೆ ಹಾಕಿ. ಇದನ್ನು ಪಿಷ್ಟದಿಂದ ಮಾಡುತ್ತಾರೆ. ಅದರಲ್ಲಿ ಉದ್ದುದ್ದ ಸರಪಳಿಯಂಥ ಕಣಗಳಿರುತ್ತವೆ. ನಿಂಬೆಹುಳಿ ಮಾಡುವ ಕೆಲಸವನ್ನೇ ಮಾಡುತ್ತದೆ, ಅಷ್ಟೊಂದು ನೀರು ಎಳೆಯುವುದಿಲ್ಲ. ಕೇಕ್ ಸಾಮಾನು ಮಾರುವ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಸಿಗುತ್ತದೆ. ಬಿಸಿಲಿಗೆ ನೀರಲ್ಲಿ ಕದಡಿ ಕುಡಿಯುವ ಗ್ಲೂಕೋಸ್ ಪುಡಿ ಬೇರೆ, ಇದು ಬೇರೆ. ಆ ಪುಡಿ ತಂದು ಹಾಕಿದವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ. ಜೇನುತುಪ್ಪವೂ ಬೇಡ, ಅದರಲ್ಲಿ ಆಗಲೇ ಹೇಳಿದ ಫ್ರಕ್ಟೋಸ್ ತುಂಬಿದೆ. ಲಿಕ್ವಿಡ್ ಗ್ಲೂಕೋಸ್ ಅಂಟು ಅಂದರೆ ಅಂಟು. ಕೈ ಒದ್ದೆ ಮಾಡಿಕೊಂಡು ತೆಗೆದರೆ ಬೆರಳಿಗೆ ಹತ್ತುವುದಿಲ್ಲ.

ಎಂಟು ಸಣ್ಣ ಸೇಬಿಗೆ ನನ್ನ ಅಳತೆ ಹೀಗೆ: ಸಕ್ಕರೆ 600 ಗ್ರಾಂ, ನೀರು 240 ಎಂ.ಎಲ್., ಲಿಕ್ವಿಡ್ ಗ್ಲೂಕೋಸ್ 150 ಗ್ರಾಂ. ಗ್ಲೂಕೋಸ್ ಸಿಗದಿದ್ದರೆ ಅದರ ಬದಲು ಅರ್ಧ ಟೀ ಚಮಚ ನಿಂಬೆರಸ. ಪಾಕ ಅಷ್ಟೂ ಸೇಬಿಗೆ ಹತ್ತುವುದಿಲ್ಲ, ಕೊನೆಗೆ ಮಿಕ್ಕೇ ಮಿಗುತ್ತದೆ. ಸೇಬು ಮುಳುಗಲು ಆಳ ಬೇಕಲ್ಲ, ಅದಕ್ಕೆ ಈ ಅಳತೆ. ಪಾತ್ರೆ ಅಗಲಕ್ಕಿಂತ ಎತ್ತರ ಇರಲಿ. ದಪ್ಪ ತಳದ ಸ್ಟೀಲಿನದೇ ಇರಲಿ. ಕಪ್ಪು ನಾನ್‌ಸ್ಟಿಕ್‌ನಲ್ಲಿ ಪಾಕದ ಬಣ್ಣ ತಿರುಗಿದ್ದು ಕಾಣುವುದೇ ಇಲ್ಲ. ಇನ್ನೊಂದು ಮಾತು, ಪಾಕದ ಕಸ ತೆಗೆಯಲು ಹಾಲು ಹಾಕುವ ರೂಢಿ ಇದ್ದರೆ ಇಲ್ಲಿ ಅದನ್ನು ಮರೆತುಬಿಡಿ. ಇಷ್ಟು ಬಿಸಿಗೆ ಹಾಲಿನ ಅಂಶ ಕಂದಾಗುತ್ತದೆ, ಗಾಜಿನ ತಿಳಿ ಹೋಗುತ್ತದೆ.

ಸೇಬಿನ ವಿಷಯಕ್ಕೆ ಬರೋಣ. ನೀವು ಅದರ ಬಗ್ಗೆ ಕೇಳಲೇ ಇಲ್ಲ, ಆದರೆ ಅರ್ಧ ಆಟ ಇರುವುದು ಅಲ್ಲೇ. ದೊಡ್ಡದು ಬೇಡ. ಮಕ್ಕಳ ಮುಷ್ಟಿಗಿಂತ ಸ್ವಲ್ಪ ದೊಡ್ಡದು, 120ರಿಂದ 150 ಗ್ರಾಂ ತೂಗುವಂಥದ್ದು ಸಾಕು. ಹುಳಿ ಇರುವ ಹಣ್ಣು ಉತ್ತಮ. ಮೇಲೆ ಬರೀ ಸಿಹಿ ಇರುವಾಗ ಒಳಗೆ ಸಿಹಿ ಸಿಕ್ಕರೆ ಎರಡನೇ ತುತ್ತಿಗೇ ಬೇಜಾರು. ಸೂಪರ್ ಮಾರ್ಕೆಟ್‌ನ ಹಸಿರು ಗ್ರ್ಯಾನಿ ಸ್ಮಿತ್ ಇದಕ್ಕೆ ಹೇಳಿ ಮಾಡಿಸಿದ ಹಣ್ಣು. ಕೆಂಪೇ ಬೇಕು ಅಂದರೆ ಗಾಲಾ ತೆಗೆದುಕೊಳ್ಳಿ, ಸಣ್ಣಗೆ ಗಟ್ಟಿಯಾಗಿರುತ್ತದೆ. ಸೀಸನ್ನಿನಲ್ಲಿ ಬರುವ ಹಿಮಾಚಲದ ಕಿನ್ನೌರ್ ಸೇಬು ಸಿಕ್ಕರೆ ಬಿಡಬೇಡಿ, ಕಚ್ಚಿದರೆ ಕರುಂ ಅನ್ನುತ್ತದೆ. ತುಂಬ ದಿನ ಇಟ್ಟು ರವೆರವೆಯಾದ ಡೆಲಿಷಿಯಸ್ ಜಾತಿಯ ಸೇಬು ಮಾತ್ರ ಬೇಡವೇ ಬೇಡ. ಮೇಲಿನ ಗಾಜು ಒಡೆದ ಮೇಲೆ ಒಳಗೆ ಹಿಟ್ಟು ಸಿಕ್ಕ ಹಾಗಾಗುತ್ತದೆ.

ಅಂಗಡಿ ಸೇಬಿನ ಮೇಲೆ ಮೇಣ ಇರುತ್ತದೆ. ಮರದಲ್ಲೇ ಸೇಬಿಗೆ ಸ್ವಲ್ಪ ಮೇಣ ಇರುತ್ತದೆ, ಜೊತೆಗೆ ಬಾಡದಿರಲಿ ಅಂತ ಮೇಲಿಂದ ಹಚ್ಚುವುದೂ ಉಂಟು. ಜೇನುಮೇಣ, ಒಂದು ಜಾತಿಯ ತಾಳೆ ಎಲೆಯಿಂದ ಬರುವ ಕಾರ್ನೌಬಾ ಮೇಣ, ಅರಗಿನಿಂದ ಬರುವ ಶೆಲ್ಲಾಕ್ ಇಂಥವಕ್ಕೆ ನಮ್ಮಲ್ಲಿ ಕಾನೂನಿನ ಅನುಮತಿ ಇದೆ. ತಿಂದರೆ ತೊಂದರೆ ಇಲ್ಲ. ತೊಂದರೆ ಇರುವುದು ಪಾಕಕ್ಕೆ, ಮೇಣದ ಮೇಲೆ ಅದು ಹಿಡಿಯುವುದಿಲ್ಲ, ಜಾರುತ್ತದೆ. ಕುದಿಯುವ ನೀರಿಗೆ ಒಂದು ಚಮಚ ವಿನೆಗರ್ ಹಾಕಿ, ಸೇಬನ್ನು ಐದರಿಂದ ಹತ್ತು ಸೆಕೆಂಡ್ ಅದ್ದಿ ತೆಗೆಯಿರಿ. ಅದಕ್ಕಿಂತ ಜಾಸ್ತಿ ಇಟ್ಟರೆ ಸಿಪ್ಪೆ ಬೇಯುತ್ತದೆ. ಬಿಸಿ ಇರುವಾಗಲೇ ಒರಟು ಬಟ್ಟೆಯಲ್ಲಿ ಉಜ್ಜಿ. ಹೊಳಪು ಹೋಗಿ ಮಂಕಾಗಬೇಕು. ಮಂಕಾದರೆ ಮೇಣ ಹೋಯಿತು ಅಂತ ಅರ್ಥ.

ಆಮೇಲೆ ಒಣಗಿಸಿ. ಒರೆಸಿದರೆ ಸಾಲದು, ಫ್ಯಾನಿನ ಕೆಳಗೆ ಒಂದು ಗಂಟೆ ಬಿಡಿ. ತೊಟ್ಟಿನ ಗುಳಿಯಲ್ಲಿ ಒಂದು ಹನಿ ನೀರು ಉಳಿದಿರುತ್ತದೆ, ಅದನ್ನು ಟಿಶ್ಯೂ ಪೇಪರಿನ ಮೂಲೆಯಿಂದ ತೆಗೆಯಿರಿ. 150 ಡಿಗ್ರಿ ಪಾಕಕ್ಕೆ ಆ ಹನಿ ತಗುಲಿದ ತಕ್ಷಣ ಆವಿಯಾಗಿ ಉಬ್ಬುತ್ತದೆ. ಕ್ಯಾಂಡಿ ಆಪಲ್ ಮೇಲೆ ಗುಳ್ಳೆ ಗುಳ್ಳೆ ಕಾಣುವುದು ಬಹುಪಾಲು ಇದರಿಂದಲೇ. ಸೇಬು ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದೂ ಆಗಿರಬಾರದು, ಅದರ ಮೇಲೆ ಕಣ್ಣಿಗೆ ಕಾಣದ ಬೆವರು ಇರುತ್ತದೆ.

ಕಡ್ಡಿ ದಪ್ಪ ಇರಲಿ. ಐಸ್‌ಕ್ರೀಂ ಕಡ್ಡಿ ಅಥವಾ ಮರದ ಚಾಪ್‌ಸ್ಟಿಕ್ ಆಗುತ್ತದೆ. ಸಣ್ಣ ಬಿದಿರು ಕಡ್ಡಿ ಒಂದರ ಮೇಲೆ ಸೇಬು ಗಿರಗಿರ ತಿರುಗುತ್ತದೆ. ತೊಟ್ಟು ಕಿತ್ತು, ಅದೇ ಜಾಗದಲ್ಲಿ ಕಡ್ಡಿ ಇಟ್ಟು ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿ. ಸೇಬಿನ ಮುಕ್ಕಾಲು ಆಳದಷ್ಟು ಒಳಗೆ ಹೋಗಲಿ, ಆಚೆ ತೂತಾಗಬಾರದು. ರಸ ಒಸರಿದರೆ ಒರೆಸಿ. ಈ ಕೆಲಸವನ್ನು ಹಿಂದಿನ ರಾತ್ರಿ ಮಾಡಿಡಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನು ಒಲೆ ಹಚ್ಚಿ. ಪಾಕ ಶುರುವಾಗುವ ಮೊದಲೇ ತಟ್ಟೆಗೆ ಬಟರ್ ಪೇಪರ್ ಹಾಸಿ ಸ್ವಲ್ಪ ಎಣ್ಣೆ ಸವರಿ ಪಕ್ಕದಲ್ಲಿ ಇಟ್ಟುಕೊಂಡಿರಿ. ಮಧ್ಯಮ ಉರಿಯಲ್ಲಿ ಈ ಅಳತೆಗೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಆದರೆ ಗಡಿಯಾರ ನಂಬಬೇಡಿ. ಮೊದಲ ಹತ್ತು ನಿಮಿಷ ಥರ್ಮಾಮೀಟರ್ ಕದಲುವುದೇ ಇಲ್ಲ, 105ರ ಹತ್ತಿರ ಕೂತುಬಿಡುತ್ತದೆ. ಉರಿಯೆಲ್ಲ ನೀರನ್ನು ಓಡಿಸುವುದಕ್ಕೇ ಖರ್ಚಾಗುತ್ತಿರುತ್ತದೆ. ಬೇಸರ ಬಂದು ಫೋನ್ ನೋಡಲು ಹೋಗುತ್ತೀರಿ. ಸರಿಯಾಗಿ ಆಗಲೇ 130 ದಾಟಿ ಓಡಲು ಶುರು ಮಾಡುತ್ತದೆ. ಗುಳ್ಳೆಗಳನ್ನು ನೋಡುತ್ತಿರಿ. ಮೊದಮೊದಲು ಸಣ್ಣಗೆ ನೊರೆ ಬಂದ ಹಾಗೆ ಬೇಗ ಬೇಗ ಒಡೆಯುತ್ತವೆ. ಕೊನೆಗೆ ದೊಡ್ಡದಾಗಿ, ನಿಧಾನಕ್ಕೆ, ಜಡವಾಗಿ ಏಳುತ್ತವೆ. ಆಗ ಅಲ್ಲಿಂದ ಅಲುಗಬೇಡಿ.

146ಕ್ಕೆ ಒಲೆ ಆರಿಸಿ. ಪಾತ್ರೆಯ ಬಿಸಿಗೇ ಇನ್ನೆರಡು ಡಿಗ್ರಿ ಏರುತ್ತದೆ. ಗುಳ್ಳೆ ಅಡಗುವ ತನಕ ಒಂದು ನಿಮಿಷ ಕಾಯಿರಿ. ಈಗ ಬಣ್ಣ ಹಾಕಿ. ಜೆಲ್ ಬಣ್ಣವೇ ಒಳ್ಳೆಯದು, ನೀರಾಗಿರುವ ಬಣ್ಣ ಹಾಕಿದರೆ ಚಟಪಟ ಸಿಡಿಯುತ್ತದೆ. ಕಲಕಲು ಚಮಚ ಬೇಡ, ಪಾತ್ರೆಯನ್ನೇ ಇಕ್ಕಳದಲ್ಲಿ ಹಿಡಿದು ಎರಡು ಸುತ್ತು ಆಡಿಸಿ. ಆಮೇಲೆ ಪಾತ್ರೆ ಒಂದು ಕಡೆ ವಾಲಿಸಿ, ಸೇಬು ಅದ್ದಿ, ನಿಧಾನಕ್ಕೆ ಒಂದೇ ಸುತ್ತು ತಿರುಗಿಸಿ ಎತ್ತಿ. ಎತ್ತಿದ ತಕ್ಷಣ ತಟ್ಟೆಗೆ ಇಡಬೇಡಿ. ಪಾತ್ರೆಯ ಮೇಲೇ ಹಿಡಿದು, ಹತ್ತು ಸೆಕೆಂಡ್ ತಿರುಗಿಸುತ್ತಾ ಹೆಚ್ಚಿನ ಪಾಕ ಇಳಿಯಲು ಬಿಡಿ. ಹೀಗೆ ಮಾಡದಿದ್ದರೆ ಸೇಬಿನ ಬುಡದಲ್ಲಿ ರೂಪಾಯಿ ಅಗಲದ ಪಾದ ಕಟ್ಟುತ್ತದೆ, ಅದನ್ನು ಕಚ್ಚಲು ಹೋದವರ ಹಲ್ಲಿಗೆ ಗ್ಯಾರಂಟಿ ಇಲ್ಲ. ಪದರ ತೆಳ್ಳಗಿದ್ದಷ್ಟೂ ತಿನ್ನಲು ಚೆಂದ.

ನಾಲ್ಕೈದು ಸೇಬು ಆಗುವಷ್ಟರಲ್ಲಿ ಪಾಕ ದಪ್ಪಗಾಗುತ್ತದೆ. ಸಣ್ಣ ಉರಿಯಲ್ಲಿ ಮತ್ತೆ ಬಿಸಿ ಮಾಡಿ, ಕಲಕಬೇಡಿ. ಒಂದು ಸಲ, ಹೆಚ್ಚೆಂದರೆ ಎರಡು ಸಲ ಹೀಗೆ ಮಾಡಬಹುದು. ಅದರ ಮೇಲೆ ಕಂದಾಗುತ್ತದೆ.

ಬಣ್ಣದ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಹಿಡಿಸದೆ ಇರಬಹುದು: ಹಾಕಲೇಬೇಡಿ. ಚೆನ್ನಾಗಿ ಕೆಂಪಗಿರುವ ಸೇಬಿಗೆ ಬಣ್ಣ ಹಾಕದ ತಿಳಿ ಪಾಕ ಹೊದೆಸಿ ನೋಡಿ. ಸೇಬಿನ ಕೆಂಪೇ ಗಾಜಿನೊಳಗಿಂದ ಕಾಣುತ್ತದೆ, ಮೇಲಿನ ಗೀರು ಚುಕ್ಕೆ ಸಮೇತ. ನನಗಂತೂ ಲಿಪ್‌ಸ್ಟಿಕ್ ಬಳಿದಂಥ ಕೆಂಪಿಗಿಂತ ಇದೇ ಚೆಂದ. ಹಾಕಲೇಬೇಕು ಅಂದರೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ಗುರುತು, ಪರವಾನಗಿ ನಂಬರ್ ಇರುವ ತಿನ್ನುವ ಬಣ್ಣ ಕೊಳ್ಳಿ. ಕಡ್ಡಿಯ ತುದಿಯಲ್ಲಿ ಎತ್ತಿದಷ್ಟು ಸಾಕು. ಕಾನೂನು ಒಪ್ಪಿರುವ ಕೃತಕ ಬಣ್ಣಗಳಿಗೂ ಒಂದು ಕಿಲೋ ತಿಂಡಿಗೆ 100 ಮಿಲಿಗ್ರಾಂ ಅನ್ನುವ ಮಿತಿ ಇದೆ. ಸಂತೆಯಲ್ಲಿ ಬಿಡಿಯಾಗಿ, ಚೀಟಿ ಇಲ್ಲದೆ ಸಿಗುವ ಪುಡಿ ಬೇಡ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದ್ದು ನೆನಪಿದೆಯಲ್ಲ? ಬಾಂಬೆ ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಸಿಕ್ಕಿತ್ತು. ಬೀಟ್‌ರೂಟ್ ರಸ ಹಾಕಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಆಗುವುದಿಲ್ಲ. ಅಷ್ಟು ಬಿಸಿಯಲ್ಲಿ ಅದರ ಕೆಂಪು ನಿಲ್ಲದೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಈ ಕೆಂಪು ಹುಟ್ಟಿದ್ದೇ ಅಂಗಡಿಯ ಕಿಟಕಿಗೋಸ್ಕರ. ಅಮೆರಿಕದ ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ವಿಲಿಯಂ ಕೋಲ್ಬ್ ಅನ್ನುವ ಮಿಠಾಯಿ ವ್ಯಾಪಾರಿ ಇದ್ದ. 1908ರಲ್ಲಿ ಕ್ರಿಸ್‌ಮಸ್ ವ್ಯಾಪಾರಕ್ಕೆ ಅಂತ ಚಕ್ಕೆ ಘಮದ ಕೆಂಪು ಮಿಠಾಯಿ ಮಾಡುತ್ತಿದ್ದಾಗ ಸೇಬುಗಳನ್ನು ಅದರಲ್ಲಿ ಅದ್ದಿ ಜನರಿಗೆ ಕಾಣುವ ಹಾಗೆ ಇಟ್ಟನಂತೆ. ಜನ ಮಿಠಾಯಿ ಬಿಟ್ಟು ಸೇಬು ಕೇಳಿದರು, ಒಂದಕ್ಕೆ ಐದು ಸೆಂಟ್. ಇಂಗ್ಲೆಂಡಿನಲ್ಲಿ ನವೆಂಬರ್ 5ರ ಬೆಂಕಿ ಹಬ್ಬಕ್ಕೆ ತಿನ್ನುವ ಟಾಫಿ ಆಪಲ್ ಇದರ ಅಕ್ಕ, ಅದರ ಪಾಕ ಕಂದು ಬಣ್ಣದ್ದು. ಉತ್ತರ ಚೀನಾದ ಚಳಿಯಲ್ಲಿ ಬೀದಿಬೀದಿಯಲ್ಲಿ ಮಾರುವ ತಾಂಗ್‌ಹುಲು ಇವೆರಡಕ್ಕಿಂತ ತುಂಬ ಹಳೆಯದು. ಅಲ್ಲಿ ಹುಳಿಹುಳಿ ಹಾಥಾರ್ನ್ ಹಣ್ಣನ್ನು ಬಿದಿರು ಕಡ್ಡಿಗೆ ಪೋಣಿಸಿ ಇದೇ ಪಾಕದಲ್ಲಿ ಅದ್ದುತ್ತಾರೆ. ಅದನ್ನು ನೋಡಿ ನಾನು ಸಂಕ್ರಾಂತಿ ಹೊತ್ತಿನಲ್ಲಿ ಸಿಗುವ ಎಲಚಿ ಹಣ್ಣಿಗೆ ಹಾಕಿ ನೋಡಿದೆ. ಸೇಬಿಗಿಂತ ಚೆನ್ನಾಗಿ ಬಂತು. ಸಿಪ್ಪೆ ಒಣದು, ರಸ ಒಸರುವುದಿಲ್ಲ, ಒಂದೇ ತುತ್ತು. ಬೀಜ ಇದೆ ಅಂತ ಮಕ್ಕಳಿಗೆ ಹೇಳಿ ಕೊಡಬೇಕು. ಕೋಲ್ಬ್‌ನ ಚಕ್ಕೆ ಘಮ ಬೇಕಿದ್ದರೆ ಅಳತೆಯ ನೀರಿನಲ್ಲಿ ಎರಡು ತುಂಡು ಚಕ್ಕೆ ಕುದಿಸಿ ಸೋಸಿಕೊಳ್ಳಿ. ಸೋಸಿದ ಮೇಲೆ ನೀರನ್ನು ಮತ್ತೆ ಅಳೆದುಕೊಳ್ಳಿ.

ಬೆಲ್ಲ ಆಗುತ್ತದೆ, ಗಾಜು ಆಗುವುದಿಲ್ಲ. ಬೆಲ್ಲದಲ್ಲಿ ಒಡೆದ ಸಕ್ಕರೆಯೂ ಇರುತ್ತದೆ, ಖನಿಜಗಳೂ ಇರುತ್ತವೆ. ಹಾಗಾಗಿ ಹರಳಾಗುವ ಭಯ ಕಡಿಮೆ. ಆದರೆ ನೊರೆ ಜಾಸ್ತಿ, ಸೀಯುವುದೂ ಬೇಗ, ಹಸಿ ಗಾಳಿಗೆ ಮೆತ್ತಗಾಗುವುದೂ ಬೇಗ. ಅರ್ಧ ಸಕ್ಕರೆ, ಅರ್ಧ ಬೆಲ್ಲ ಹಾಕಿ. ಬೆಲ್ಲವನ್ನು ಮೊದಲೇ ಕರಗಿಸಿ ಸೋಸಿ. ಸಣ್ಣ ಉರಿಯಲ್ಲಿ ಚಿಕ್ಕಿ ಪಾಕ ಗಟ್ಟಿಯಾಗಿ ಬಂದ ಕೂಡಲೇ ಇಳಿಸಿ, ಅಲ್ಲಿಂದ ಮುಂದೆ ಎಳೆಯಬೇಡಿ. ಪದರ ಕಂದಾಗಿ, ಮಂಕಾಗಿ ಬರುತ್ತದೆ. ಬಿಸಿ ಇರುವಾಗಲೇ ಬುಡವನ್ನು ಹುರಿದ ಎಳ್ಳಿನಲ್ಲಿ ಅದ್ದಿದರೆ ರುಚಿ ಬಹಳ ಚೆನ್ನಾಗಿರುತ್ತದೆ. ನಿಮ್ಮ ಮಗಳಿಗೆ ಬೇಕಾಗಿರುವ ಕೆಂಪು ಹೊಳಪು ಮಾತ್ರ ಇದರಲ್ಲಿಲ್ಲ.

ತಟ್ಟೆಯಲ್ಲಿದ್ದ ಕೆಂಪು ನೀರಿನ ಗುಟ್ಟು ಈಗ ನಿಮಗೇ ಹೊಳೆದಿರಬಹುದು. ನೂರಕ್ಕೆ ಒಂದು ಪಾಲು ನೀರಿರುವ ಸಕ್ಕರೆ ಅಂದರೆ ನೀರಿಗಾಗಿ ಹಪಹಪಿಸುವ ಸಕ್ಕರೆ. ಎಲ್ಲಿ ಸಿಕ್ಕಿದರೂ ಕುಡಿಯುತ್ತದೆ. ಫ್ರಿಜ್ಜಿನ ಒಳಗೆ ತರಕಾರಿ, ಸಾರು, ಹಾಲು ಎಲ್ಲದರ ತೇವ ಇದೆ. ಹೊರಗೆ ತೆಗೆದರೆ ತಣ್ಣನೆಯ ಸೇಬಿನ ಮೇಲೆ ಗಾಳಿಯ ನೀರು ಹನಿಗಟ್ಟುತ್ತದೆ, ತಣ್ಣನೆ ನೀರಿನ ಬಾಟಲಿ ಬೆವರುವ ಹಾಗೆ. ಆ ನೀರಿಗೆ ಮೇಲ್ಪದರ ಕರಗಿ ಅಂಟಾಗುತ್ತದೆ, ಆಮೇಲೆ ಇಳಿಯುತ್ತದೆ. ಇತ್ತ ಒಳಗಿನಿಂದ ಸೇಬಿನ ರಸವನ್ನೂ ಅದು ಎಳೆಯುತ್ತಿರುತ್ತದೆ. ಎರಡೂ ಕಡೆಯಿಂದ ಸವೆದು ಒಂದು ರಾತ್ರಿಯಲ್ಲಿ ಮುಗಿಯಿತು.

ಮಳೆಗಾಲದ ಕಥೆ ಇನ್ನೂ ಕಷ್ಟ. ಒಂದು ಜುಲೈನಲ್ಲಿ ಮಂಗಳೂರಿನ ನೆಂಟರ ಮನೆಯಲ್ಲಿ ಜಂಬ ಕೊಚ್ಚಿಕೊಂಡು ಮಾಡಲು ಹೋದೆ. ಪಾಕ ಸರಿ ಇತ್ತು, ಸೇಬು ಸರಿ ಇತ್ತು. ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲ ಸೇಬೂ ಅಳುತ್ತಾ ಕೂತಿದ್ದವು. "ಇದೇನು, ನಿನ್ನ ಹಣ್ಣಿಗೂ ಶೀತ ಆಗಿದೆಯಲ್ಲ" ಅಂತ ಅತ್ತೆ ನಕ್ಕರು. ಅವತ್ತಿನಿಂದ ನನಗೊಂದು ಲೆಕ್ಕ: ಒಗೆದ ಬಟ್ಟೆ ಒಣಗದ ದಿನ, ಡಬ್ಬಿಯ ಉಪ್ಪು ನೀರೊಡೆದ ದಿನ ಕ್ಯಾಂಡಿ ಆಪಲ್ ಮಾಡುವುದಿಲ್ಲ. ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಒಣ ಹವೆ, ಧೈರ್ಯವಾಗಿ ಮಾಡಿ. ಹುಟ್ಟುಹಬ್ಬ ಮಳೆಗಾಲದಲ್ಲಿ ಬಂದರೆ ತಾರೀಖು ಬದಲಿಸಲು ಆಗುವುದಿಲ್ಲವಲ್ಲ, ಆಗ ಸೇಬು ತಣ್ಣಗಾದ ಕೂಡಲೇ ಒಂದೊಂದನ್ನೂ ಸೆಲೋಫೇನ್ ಹಾಳೆಯಲ್ಲಿ ಸುತ್ತಿ ಕಡ್ಡಿಯ ಬುಡಕ್ಕೆ ಬಿಗಿಯಾಗಿ ದಾರ ಕಟ್ಟಿ. ಬಿಸಿ ಇರುವಾಗ ಸುತ್ತಿದರೆ ಒಳಗೇ ಬೆವರುತ್ತದೆ.

ಹಾಗಾದರೆ ಫ್ರಿಜ್ ಬೇಡ, ಹೊರಗೆ ಎರಡು ದಿನ ಇಡಬಹುದಾ? ಅದೂ ಬೇಡ. 2014ರ ಕೊನೆಯಲ್ಲಿ ಅಮೆರಿಕದಲ್ಲಿ ಅಂಗಡಿಯ ಕ್ಯಾರಮೆಲ್ ಆಪಲ್ ತಿಂದವರಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಕಾಣಿಸಿಕೊಂಡಿತು. 12 ರಾಜ್ಯಗಳಲ್ಲಿ 35 ಜನರಿಗೆ ಹರಡಿತು, 7 ಮಂದಿ ತೀರಿಕೊಂಡರು. ಅವರಲ್ಲಿ ಕನಿಷ್ಠ ಮೂವರ ಸಾವಿಗೆ ಈ ಸೋಂಕು ಕಾರಣವಾಗಿತ್ತು ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳಿತು. ಎಲ್ಲರಿಗೂ ಆಶ್ಚರ್ಯ. ಸೇಬಿನಲ್ಲಿ ಹುಳಿ ಇದೆ, ಕ್ಯಾರಮೆಲ್‌ನಲ್ಲಿ ನೀರೇ ಕಡಿಮೆ, ಕ್ರಿಮಿ ಬೆಳೆದದ್ದು ಎಲ್ಲಿ? ಮರುವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದರು. ಕಡ್ಡಿ ಚುಚ್ಚಿದಾಗ ಸೇಬಿನ ರಸ ಹೊರಬಂದು ಸಿಪ್ಪೆಗೂ ಪದರಕ್ಕೂ ನಡುವೆ ನಿಲ್ಲುತ್ತದೆ. ಅಲ್ಲಿ ಕ್ರಿಮಿಗೆ ನೀರೂ ಸಿಕ್ಕಿತು, ಊಟವೂ ಸಿಕ್ಕಿತು. ಕಡ್ಡಿ ಚುಚ್ಚಿ ಹೊರಗಿಟ್ಟ ಸೇಬಿನಲ್ಲಿ ಅದು ಬೇಗ ಬೆಳೆಯಿತು, ಕಡ್ಡಿ ಇಲ್ಲದ್ದರಲ್ಲಿ ಬಹಳ ನಿಧಾನ. ನಿಮ್ಮದು ಮೆತ್ತನೆ ಕ್ಯಾರಮೆಲ್ ಅಲ್ಲ, ಗಟ್ಟಿ ಪಾಕ, ನಿಜ. ಆದರೆ ಕಡ್ಡಿಯ ತೂತು ಎರಡಕ್ಕೂ ಒಂದೇ. ಅದಕ್ಕೇ ಹಿಂದಿನ ರಾತ್ರಿ ಚುಚ್ಚಬೇಡಿ ಅಂದಿದ್ದು. ಬೆಳಗ್ಗೆ ಮಾಡಿ, ಸಂಜೆಯೊಳಗೆ ತಿಂದು ಮುಗಿಸಿ. ಮನೆಯಲ್ಲಿ ಗರ್ಭಿಣಿಯರೋ ತೀರಾ ವಯಸ್ಸಾದವರೋ ಇದ್ದರೆ ಅವರಿಗೆ ಆಗಷ್ಟೇ ಮಾಡಿದ್ದನ್ನೇ ಕೊಡಿ.

ಸುಟ್ಟುಕೊಳ್ಳುವ ವಿಷಯ ಬಿಡುವ ಹಾಗಿಲ್ಲ. ಕುದಿಯುವ ನೀರು ಮೈಮೇಲೆ ಬಿದ್ದರೆ ಹರಿದುಹೋಗುತ್ತದೆ. ಈ ಪಾಕ 150 ಡಿಗ್ರಿ, ಬಿದ್ದಲ್ಲೇ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ನನ್ನ ಎಡಗೈ ಹೆಬ್ಬೆರಳಿನ ಮೇಲೆ ಅದರ ಗುರುತು ಇನ್ನೂ ಇದೆ. ಪಕ್ಕದಲ್ಲಿ ದೊಡ್ಡ ಪಾತ್ರೆ ತಣ್ಣೀರು ಇಟ್ಟುಕೊಂಡೇ ಶುರು ಮಾಡಿ. ಬಿದ್ದರೆ ಕೆರೆಯಬೇಡಿ, ಕೈಯನ್ನು ತಕ್ಷಣ ನಲ್ಲಿಯ ಕೆಳಗೆ ಹಿಡಿದು 20 ನಿಮಿಷ ಬಿಡಿ. ಐಸ್, ಟೂತ್‌ಪೇಸ್ಟ್, ಅರಿಸಿನ ಯಾವುದೂ ಬೇಡ. ಗುಳ್ಳೆ ದೊಡ್ಡದಾದರೆ ಡಾಕ್ಟರ ಹತ್ತಿರ ಹೋಗಿ. ಅದ್ದುವ ಕೆಲಸಕ್ಕೆ ಮಕ್ಕಳನ್ನು ಸೇರಿಸಬೇಡಿ, ಎಷ್ಟೇ ಹಟ ಮಾಡಲಿ. ಸೇಬು ಒರೆಸುವುದು, ಕಡ್ಡಿಗೆ ರಿಬ್ಬನ್ ಕಟ್ಟುವುದು ಅವರಿಗೆ ಬಿಡಿ.

ಹನ್ನೆರಡು ಮಕ್ಕಳಿಗೆ ಹನ್ನೆರಡು ಸೇಬು ಮಾಡಲು ಹೋಗಬೇಡಿ. ಒಂದು ಪೂರ್ತಿ ಸೇಬು ತಿಂದು ಮುಗಿಸುವ ಮಗು ನಾನು ನೋಡಿಲ್ಲ. ನಾಲ್ಕು ಕಡೆ ನೆಕ್ಕಿ, ಎರಡು ಕಡೆ ಕಚ್ಚಿ, ಸೋಫಾದ ಮೇಲೆ ಇಡುತ್ತವೆ. ಎಂಟು ಸೇಬಿನ ಒಂದೇ ಪಾಕ ಮಾಡಿ. ನಾಲ್ಕನ್ನು ಕೇಕಿನ ಪಕ್ಕ ನೋಡಲು ಇಡಿ. ಉಳಿದ ನಾಲ್ಕನ್ನು ಅಲ್ಲೇ, ಮಕ್ಕಳ ಎದುರಿಗೇ, ದಪ್ಪ ಚಾಕುವಿನಲ್ಲಿ ಕಡ್ಡಿಯ ಪಕ್ಕದಿಂದ ಹೋಳು ಮಾಡಿ ಕೊಡಿ. ಗಾಜು ಒಡೆಯುವ ಸದ್ದಿಗೆ ಅವರು ಕಿರುಚುವುದನ್ನು ಕೇಳಬೇಕು. ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳಿದ್ದರೆ ಅವರಿಗೆ ಬರೀ ಸೇಬು ಕೊಡಿ, ಪದರ ಬೇಡ.

ಮಿಕ್ಕ ಪಾಕವನ್ನು ಗಟ್ಟಿಯಾಗುವ ಮುಂಚೆ ಎಣ್ಣೆ ಸವರಿದ ತಟ್ಟೆಗೆ ಚಮಚ ಚಮಚವಾಗಿ ಹಾಕಿ ಐಸ್‌ಕ್ರೀಂ ಕಡ್ಡಿ ಇಟ್ಟರೆ ಲಾಲಿಪಾಪ್ ಆಗುತ್ತದೆ. ಮನೆಗೆ ಹೋಗುವಾಗ ಮಕ್ಕಳ ಕೈಗೆ ಅದನ್ನು ಕೊಡಬಹುದು. ಪಾತ್ರೆ ನೋಡಿ ಎದೆ ಒಡೆದುಕೊಳ್ಳಬೇಡಿ, ಚಾಕು ಹಾಕಿ ಕೆರೆಯಲೂ ಬೇಡಿ. ಪೂರ್ತಿ ಆರಿದ ಮೇಲೆ ಅಂಚಿನ ತನಕ ನೀರು ತುಂಬಿ, ಚಮಚವನ್ನೂ ಅದರಲ್ಲೇ ಮುಳುಗಿಸಿ, ಹತ್ತು ನಿಮಿಷ ಕುದಿಸಿ. ಎಲ್ಲ ತಾನಾಗಿಯೇ ಬಿಡುತ್ತದೆ.